ಪ್ರಾಸ್ಟೇಟ್ ಕ್ಯಾನ್ಸರ್: ವಿಕಿರಣ ಚಿಕಿತ್ಸೆಯ ನಂತರದ ದಾಂಪತ್ಯ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದವರು ವಿಕಿರಣ ಚಿಕಿತ್ಸೆಗೆ ಹೈದರಾಬಾದಿನ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೋ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹೋಗಬೇಕಾಗುತ್ತದೆ. ತೆಲುಗು, ಉರ್ದು ಮಾತು ಅರಿಯದ ಹಿರಿಯರ ಜೊತೆ ಮಗನೋ ಮೊಮ್ಮಗನೋ ಇರುತ್ತಾನೆ. ಅವನ ಎದುರು ದಾಂಪತ್ಯದ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಆದರೆ ಅದನ್ನು ಚಿಕಿತ್ಸೆ ಆರಂಭವಾಗುವ ಮುನ್ನವೇ ಕೇಳುವುದು ಒಳಿತು.

ತೊಂದರೆ ಏಕೆ, ಯಾವಾಗ?

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗಿದೆ. ಶಿಶ್ನದ ನಿಮಿರುವಿಕೆಗೆ ಬೇಕಾದ ನರಗಳೂ ರಕ್ತನಾಳಗಳೂ ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಶಸ್ತ್ರಚಿಕಿತ್ಸೆಯ ಪರಿಣಾಮ ಕೂಡಲೇ ತಿಳಿಯುತ್ತದೆ. ವಿಕಿರಣದ ಪರಿಣಾಮವಾದರೋ ತಿಂಗಳುಗಳಲ್ಲಿ, ಕೆಲವೊಮ್ಮೆ ಎರಡು ಮೂರು ವರ್ಷಗಳಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ವೀರ್ಯದ ಪ್ರಮಾಣವೂ ಇಳಿಯುತ್ತದೆ. ಜೊತೆಗೆ ಹಾರ್ಮೋನ್ ಚುಚ್ಚುಮದ್ದು ನೀಡಿದರೆ ಆಸಕ್ತಿಯೇ ಕುಗ್ಗುತ್ತದೆ. ಅದನ್ನು ನಿಲ್ಲಿಸಿದ ಕೆಲವು ತಿಂಗಳ ನಂತರ ಹಲವರಲ್ಲಿ ಮರಳುತ್ತದೆ. ಇದು ಪುರುಷನ ದೋಷವಲ್ಲ, ಪತ್ನಿಯ ಮೇಲಿನ ಅಕ್ಕರೆ ಕಡಿಮೆಯಾದ ಗುರುತೂ ಅಲ್ಲ.

ಮುನ್ನೆಚ್ಚರಿಕೆ ಮತ್ತು ಉಪಾಯ

ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಬೀಡಿ ಸಿಗರೇಟು ಬಿಡುವುದು, ದಿನವೂ ನಡೆಯುವುದು ರಕ್ತನಾಳಗಳಿಗೆ ಹಿತ. ಮಕ್ಕಳು ಬೇಕೆನ್ನುವವರು ಚಿಕಿತ್ಸೆಗೆ ಮೊದಲೇ ವೀರ್ಯ ಸಂಗ್ರಹದ ಬಗ್ಗೆ ವಿಚಾರಿಸಬೇಕು.

ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ತೊಂದರೆ ಬಂದವರಲ್ಲಿ ಅನೇಕರಿಗೆ ನೆರವಾಗುತ್ತವೆ. ಆದರೆ ಅವನ್ನು ಮುಂಚಿತವಾಗಿ ನುಂಗಿದರೆ ತೊಂದರೆಯೇ ಬಾರದು ಎಂಬುದು ಸಿದ್ಧವಾಗಿಲ್ಲ. ವಿಕಿರಣದ ಅವಧಿಯಲ್ಲಿ ದಿನವೂ ಟಡಾಲಾಫಿಲ್ ನೀಡಿದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರಯೋಜನ ಕಂಡುಬರಲಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇವನ್ನು ಸೇವಿಸಲೇಬಾರದು. ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಮಾತ್ರೆ ಫಲಿಸದಿದ್ದರೆ ನಿರ್ವಾತ ಪಂಪು, ಚುಚ್ಚುಮದ್ದು, ಕೊನೆಗೆ ಶಸ್ತ್ರಕ್ರಿಯೆಯ ಮೂಲಕ ಕೃತಕ ಸಾಧನ ಅಳವಡಿಕೆ ಎಂಬ ದಾರಿಗಳಿವೆ. ‘ಗುಪ್ತರೋಗ’ದ ಗೋಡೆ ಜಾಹೀರಾತುಗಳನ್ನು ನಂಬದೆ ಮೂತ್ರರೋಗ ತಜ್ಞರನ್ನೇ ಕಾಣಬೇಕು.

ಮನೆಯವರಿಗೆ

ಹೊರಗಿನ ಯಂತ್ರದಿಂದ ನೀಡುವ ವಿಕಿರಣವು ರೋಗಿಯ ಮೈಯಲ್ಲಿ ಉಳಿಯುವುದಿಲ್ಲ. ಕ್ಯಾನ್ಸರ್ ಸ್ಪರ್ಶದಿಂದ ಹರಡುವುದೂ ಇಲ್ಲ. ಪತ್ನಿಯಾಗಲಿ ಮಕ್ಕಳಾಗಲಿ ದೂರವಿರಬೇಕಿಲ್ಲ. ಗ್ರಂಥಿಯೊಳಗೇ ವಿಕಿರಣ ಬೀಜಗಳನ್ನು ಇರಿಸಿದ್ದರೆ ಮಾತ್ರ ವೈದ್ಯರು ಹೇಳಿದಷ್ಟು ದಿನ ಎಚ್ಚರಿಕೆ ಅಗತ್ಯ.

ಮಾತು ಅರ್ಥೈಸಲು ಜೊತೆ ಹೋಗುವ ಮಕ್ಕಳು ಒಂದು ಉಪಕಾರ ಮಾಡಬಹುದು: “ಚಿಕಿತ್ಸೆಯ ನಂತರ ದಾಂಪತ್ಯ ಜೀವನ ಹೇಗಿರುತ್ತದೆ, ನೆರವು ಏನಿದೆ?” ಎಂದು ತೆಲುಗಿನಲ್ಲೋ ಉರ್ದುವಿನಲ್ಲೋ ಚೀಟಿಯಲ್ಲಿ ಬರೆದು ತಂದೆಯ ಕೈಗಿತ್ತು, ವೈದ್ಯರು ಒಪ್ಪಿದರೆ ಕನ್ನಡ ಬಲ್ಲ ಸಿಬ್ಬಂದಿಯೊಬ್ಬರ ನೆರವು ಕೋರಿ, ತಂದೆ ತಾಯಿಯನ್ನು ಒಳಗೆ ಬಿಟ್ಟು ತಾವು ಹೊರಗೆ ಕುಳಿತುಕೊಳ್ಳಬಹುದು.