ಕುಮಾರರಾಮನ ಬುರ್ರಕಥೆ

ಬಳ್ಳಾರಿ ಸೀಮೆಯ ಅಲೆಮಾರಿ ಬುಡ್ಗ ಜಂಗಮ ಕಲಾವಿದರು ಹಾಡಿಕೊಂಡು ಬಂದ, ಕರುಣರಸವೇ ಜೀವಾಳವಾದ ಜನಪದ ಮಹಾಕಾವ್ಯ. ಕಂಪ್ಲಿ, ಸಂಡೂರು, ಹೊಸಪೇಟೆ, ಹಂಪಿಯ ಸುತ್ತಿನ ಬೆಟ್ಟ-ಬಯಲೇ ಇದರ ಕಥಾಭೂಮಿ.

ಚಾರಿತ್ರಿಕ ಹಿನ್ನೆಲೆ: 14ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕಂಪಿಲರಾಯ ಆಳುತ್ತಿದ್ದ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಅವನು ಆಶ್ರಯ ಕೊಟ್ಟದ್ದರಿಂದ ದೆಹಲಿಯ ಸೇನೆ ದಂಡೆತ್ತಿ ಬಂತು. 1327ರ ಸುಮಾರಿಗೆ ರಾಜ್ಯ ಅಳಿಯಿತು.

ಕಥಾವಸ್ತು: ಚೆಂಡಾಟದ ಚೆಂಡನ್ನು ಕೇಳಲು ಬಂದ ರಾಜಪುತ್ರ ಕುಮಾರರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ಅವನು ಒಲ್ಲೆನೆಂದಾಗ ಸುಳ್ಳು ದೂರು ಹೊರಿಸುತ್ತಾಳೆ. ಕಂಪಿಲ ಮಗನ ತಲೆ ಕಡಿಯಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ನೆಲಮನೆಯಲ್ಲಿ ಅಡಗಿಸುತ್ತಾನೆ. ತುರುಕರ ದಂಡು ಮುತ್ತಿದಾಗ ಹೊರಬಂದ ರಾಮ, ತನ್ನನ್ನು ಕೊಲ್ಲಹೊರಟ ತಂದೆಯ ರಾಜ್ಯಕ್ಕಾಗಿಯೇ ಹೋರಾಡಿ ಮಡಿಯುತ್ತಾನೆ. ಅವನಿಗೆ ‘ಪರನಾರೀ ಸಹೋದರ’ ಎಂಬ ಬಿರುದು ಬಂತು.

ಬೆಳವಣಿಗೆ: ನಂಜುಂಡ, ಪಾಂಚಾಳಗಂಗ ಮುಂತಾದ ಕವಿಗಳು ಈ ಕಥೆಯನ್ನು ಸಾಂಗತ್ಯ ಛಂದಸ್ಸಿನಲ್ಲಿ ಬರೆದರು. ಊರೂರು ತಿರುಗುವ ಹಾಡುಗಾರರು ಅದನ್ನು ನಾಲಗೆಯ ಮೇಲೆ ಉಳಿಸಿದರು. ಬುರ್ರಕಥೆಯಲ್ಲಿ ಮುಖ್ಯ ಗಾಯಕಿ ಕಥೆ ನಡೆಸಿದರೆ, ಪಕ್ಕದವರು ವಾದ್ಯ ಬಡಿಯುತ್ತ ಸೊಲ್ಲು ಹಿಡಿಯುತ್ತಾರೆ. ಮಾತು, ಹಾಡು, ಹಾಸ್ಯ ಬೆರೆತು ಕಥೆ ರಾತ್ರಿಗಟ್ಟಲೆ ಸಾಗುತ್ತದೆ.

ದರೋಜಿ ಈರಮ್ಮ: ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಈ ಪರಂಪರೆಯ ಹೆಸರಾಂತ ಗಾಯಕಿ. ಅಕ್ಷರ ಕಲಿಯದ ಅವರಿಗೆ ಹನ್ನೆರಡು ಮಹಾಕಾವ್ಯಗಳು ಬಾಯಿಪಾಠವಾಗಿದ್ದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಅವರಿಗೆ ಸಂದವು.

ಶೋಕದ ಸೆಳೆತ: ಕೇಳುಗರಿಗೆ ಕೊನೆ ಮೊದಲೇ ಗೊತ್ತು. ಆದರೂ ರಾಮನ ಸಾವಿಗೆ ಕಣ್ಣೀರು ಬರುತ್ತದೆ, ಮುಂದಿನ ವರ್ಷವೂ ಅದೇ ಕಥೆ ಬೇಕೆನಿಸುತ್ತದೆ. ಶತ್ರುವಿನಿಂದ ಬಂದ ಸೋಲಿಗಿಂತ ಮನೆಯವರಿಂದಾದ ಅನ್ಯಾಯ ಅವರಿಗೆ ಹತ್ತಿರದ್ದು. ಮಲತಾಯಿಯ ಕಾಟ, ತಂದೆಯ ದುಡುಕು, ಬಾಯಿಬಿಡಲಾಗದ ನಿರಪರಾಧಿತನ ಯಾವ ಮನೆಗೂ ಹೊಸತಲ್ಲ. ಹಾಡುವವರು ಸ್ವತಃ ನೆಲೆಯಿಲ್ಲದೆ ಭಿಕ್ಷೆಯಿಂದ ಬದುಕಿದವರಾದ್ದರಿಂದ ದುಃಖದ ದನಿಗೆ ಕೃತಕತೆ ಹತ್ತಲಿಲ್ಲ. ಗುಡಿಸಲಿನ ನೋವನ್ನು ಅರಮನೆಯ ಮಗನ ಹೆಸರಿನಲ್ಲಿ ಅತ್ತು ಹಗುರಾಗುವ ದಾರಿ ಇದಾಯಿತು.

ಈರಮ್ಮ 2014ರ ಆಗಸ್ಟ್‌ನಲ್ಲಿ ನಿಧನರಾದರು. ವಿಜಯನಗರಕ್ಕಿಂತ ಮುಂಚೆ ಅಳಿದ ಸಣ್ಣ ರಾಜ್ಯವೊಂದು ಜನರ ನೆನಪಿನಲ್ಲಿ ಉಳಿದದ್ದಕ್ಕೆ ಶಾಸನಗಳಷ್ಟೇ ಇಂಥ ಹಾಡುಗಾರರೂ ಕಾರಣ.