ಎತ್ತು ನಿಂತರೆ ಯುದ್ಧವೂ ನಿಂತಿತು: ಗಾಡಿ ಎಳೆಯೋದರ ಒಂದು ಇತಿಹಾಸ



ಅಮೆರಿಕದ ರೀಲ್ಸ್‌ಗಳಲ್ಲಿ ಒಂದು ದೃಶ್ಯ ನೋಡಿರ್ತೀರ. ಮುಂದೆ ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್, ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲಾ. ಅದರ ಹಿಂದೆ ಕಬ್ಬಿಣದ ಕಂಬಿಗೆ ಸಿಕ್ಕಿಸಿದ ಒಂದು ಪುಟ್ಟ ಕಾರು, ಡ್ರೈವರ್ ಇಲ್ಲದೆ, ನಾಲ್ಕೂ ಚಕ್ರ ನೆಲದ ಮೇಲೆ. ಮನೆ ಒಂದು ಕಡೆ ನಿಲ್ಲಿಸಿ ಊರು ಸುತ್ತೋಕೆ, ಹಾಲು ತರೋಕೆ ಆ ಕಾರು. ಅದಕ್ಕೆ ಅವರು 'ಟೋಡ್' ಅಂತಾರೆ. ಎಳೆಸಿಕೊಂಡು ಬರೋದು ಅಂತಲೂ ಆಯ್ತು, ಕಪ್ಪೆ ಅಂತಲೂ ಆಯ್ತು.

ನಮ್ಮಲ್ಲಿ ಇದು ನಡೆಯೋದಿಲ್ಲ. ರಸ್ತೆ ನಿಯಮದ ಪ್ರಕಾರ ಕೆಟ್ಟು ನಿಂತ ಗಾಡಿಯನ್ನೋ, ನೋಂದಣಿಯಾದ ಟ್ರೈಲರನ್ನೋ ಎಳೀಬಹುದು. ಚೆನ್ನಾಗಿ ಓಡೋ ಕಾರನ್ನು ಬಾಲದ ಹಾಗೆ ಕಟ್ಕೊಂಡು ಪ್ರವಾಸ ಹೋಗೋ ಹಾಗಿಲ್ಲ.

ಆದರೆ ಎಳೆಯೋ ಕಷ್ಟ ಇದೆಯಲ್ಲ, ಅದು ನಮಗೆ ಹೊಸದಲ್ಲ. ಈ ಕಾರು ಎಳೆಯೋರಿಗೆ ಎರಡು ತಲೆನೋವು. ಒಂದು ಗೇರ್‌ಬಾಕ್ಸ್. ಬಹಳಷ್ಟು ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ ಓಡ್ತಿದ್ರೆ ಮಾತ್ರ ಗೇರ್‌ಬಾಕ್ಸ್ ಒಳಗೆ ಎಣ್ಣೆ ಹರಿಯುತ್ತೆ. ಎಂಜಿನ್ ಆರಿಸಿ ಚಕ್ರ ಮಾತ್ರ ತಿರುಗಿಸಿದ್ರೆ ಒಳಗೆ ಒಣಗಿ ಸುಟ್ಟುಹೋಗುತ್ತೆ. ಎರಡನೇದು ಬ್ರೇಕು. ಇಳಿಜಾರಲ್ಲಿ ಹಿಂದಿನ ಕಾರು ಮುಂದಿನದನ್ನ ತಳ್ಳುತ್ತೆ. ಅದಕ್ಕೇ ಮುಂದಿನವನು ಬ್ರೇಕ್ ಒತ್ತಿದಾಗ ಹಿಂದಿನ ಕಾರಿನ ಬ್ರೇಕೂ ಒತ್ತಿಕೊಳ್ಳೋ ಉಪಕರಣ ಬೇಕು.

ಈಗ ಕಾವೇರಿ ದಡಕ್ಕೆ ಬನ್ನಿ, 1791ಕ್ಕೆ.

ಕೋಟೆ ಒಡೆಯೋ 24 ಪೌಂಡರ್ ಫಿರಂಗಿ ಅಂದ್ರೆ ಹನ್ನೊಂದು ಕೆಜಿ ಗುಂಡು ಹಾರಿಸೋದು. ಅದರ ನಳಿಗೆಯೊಂದೇ ಸುಮಾರು ಎರಡೂವರೆ ಟನ್. ಮೂರು ಆಲ್ಟೋ ಕಾರಿನ ತೂಕ ಇಟ್ಕೊಳಿ. ಇದನ್ನು ಎಳೆಯೋ ರೀತಿಯೂ ಅದೇ: ಮುಂದೆ ಎರಡು ಚಕ್ರದ ಚಿಕ್ಕ ಗಾಡಿ, ಅದರ ಕೊಕ್ಕೆಗೆ ಫಿರಂಗಿಯ ಬಾಲ. ಮುಂದೆ ಜೋಡಿ ಜೋಡಿ ಎತ್ತು. ಏರಲ್ಲಿ ಸಿಕ್ಕಿಹಾಕ್ಕೊಂಡ್ರೆ ಆನೆ ಬಂದು ಹಿಂದಿನಿಂದ ಹಣೆ ಕೊಟ್ಟು ನೂಕಬೇಕು. ಇಳಿಜಾರಲ್ಲಿ ಜನ ಹಿಂದಿನಿಂದ ಹಗ್ಗ ಹಿಡಿದು ಜಗ್ಗಬೇಕು. ಆಗಿನ ಬ್ರೇಕು ಅಂದ್ರೆ ಅದೇ.

ಎಳೆಯೋ ವಿಷಯದಲ್ಲಿ ಮೈಸೂರೇ ಮುಂದಿತ್ತು. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ದನದ ಇಲಾಖೆಯನ್ನು ಹೈದರ್ ಸೈನ್ಯದ ಸಾಗಾಟಕ್ಕೆ ಬಳಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಗಟ್ಟಿ ಕಾಲಿನ, ಬೇಗ ನಡೆಯೋ ಎತ್ತುಗಳು. ಕಂಪನಿ ಸೈನ್ಯ ಮಾತ್ರ ಕಂಡಕಂಡಲ್ಲಿ ಬಾಡಿಗೆಗೆ ಹಿಡಿದ ಎತ್ತುಗಳನ್ನೇ ನೆಚ್ಚಿಕೊಂಡಿತ್ತು.

1791ರ ಮಾರ್ಚಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಕನಕಪುರ, ಮಳವಳ್ಳಿ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ನಮ್ಮ ಕೊಳ್ಳೇಗಾಲದ ಆಚೆ ದಡದ ಸೀಮೆ ಅದು. ಟಿಪ್ಪು ಏನು ಮಾಡಿದ? ದಾರಿಯ ಮೇವು ಸುಡಿಸಿದ. ನಾನು ಬಿ.ಕಾಂ. ಓದಿದ ತಲೆ, ನನಗೆ ಇದು ಯುದ್ಧಕ್ಕಿಂತ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತೆ. ಫಿರಂಗಿ ಎಳೆಯೋಕೆ ಎತ್ತು, ಎತ್ತಿಗೆ ಮೇವು, ಮೇವು ಹೊರೋಕೆ ಇನ್ನಷ್ಟು ಎತ್ತು, ಅವಕ್ಕೂ ಮೇವು. ಬಂಡವಾಳಕ್ಕಿಂತ ಮೇಲ್ಖರ್ಚೇ ಜಾಸ್ತಿ. ಆ ಖರ್ಚಿಗೆ ಬೆಂಕಿ ಇಟ್ಟರೆ ವ್ಯಾಪಾರ ಮುಳುಗುತ್ತೆ.

ಮುಳುಗಿತು. ಮೇ 15ರಂದು ಅರಕೆರೆ ಹತ್ತಿರ ಕಾರ್ನ್‌ವಾಲಿಸ್ ಕಾಳಗ ಗೆದ್ದ. ಆದರೆ ಮಳೆ, ರೋಗ, ಹಸಿವಿಗೆ ಎತ್ತುಗಳು ಸಾಲು ಸಾಲಾಗಿ ಸತ್ತವು. ಕನ್ನಂಬಾಡಿ ಕಡೆ ಹೋಗುವಾಗ ಸಿಪಾಯಿಗಳೇ ಫಿರಂಗಿ ಎಳೆದರು. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದೆ ಹೊರಟ. ಗೆದ್ದವನು ವಾಪಸ್! ರಾಜಧಾನಿ ಕಣ್ಣೆದುರಿಗಿತ್ತು, ಎಳೆಯೋಕೆ ಎತ್ತಿರಲಿಲ್ಲ, ಅಷ್ಟೇ. ನಮ್ಮೂರು ಧನಗೆರೆ. ಧನ ಅಂದ್ರೆ ದುಡ್ಡು, ದನ ಅಂದ್ರೆ ಎತ್ತು. ಆ ಮೇ ತಿಂಗಳಲ್ಲಿ ಎರಡಕ್ಕೂ ವ್ಯತ್ಯಾಸ ಇರಲಿಲ್ಲ.

ಮುಂದಿನ ಸಲ ಅವನು ತಯಾರಾಗಿ ಬಂದ. ಆನೆಗಳನ್ನು ತರಿಸಿದ, ಲಂಬಾಣಿಗಳಿಂದ ಧಾನ್ಯ ತರಿಸಿಕೊಂಡ. ಲಂಬಾಣಿಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಹೆಂಡ್ತಿ, ಮಕ್ಕಳು, ಪಾತ್ರೆ ಪಡಗ ಎಲ್ಲಾ ಜೊತೆಗಿಟ್ಕೊಂಡು ಸಾವಿರಾರು ಹೇರೆತ್ತುಗಳ ಜೊತೆ ನಡೆದವರು ಅವರು. ಮೋಟರ್‌ಹೋಮ್ ಅನ್ನೋದು ನಮ್ಮ ನಾಡಲ್ಲಿ ಯಾರಿಗಾದರೂ ಇತ್ತು ಅಂದ್ರೆ ಅವರಿಗೇ. ಅವರು ಗಾಡಿ ಕಟ್ಟಲಿಲ್ಲ, ಎತ್ತಿನ ಬೆನ್ನ ಮೇಲೇ ಹೇರಿದರು. ಹಾಗಾಗಿ ರಸ್ತೆ ಇಲ್ಲದ ಕಡೆಯೂ ಹೋದರು. 1792ರ ಮಾರ್ಚ್ ಹೊತ್ತಿಗೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟಿದ್ದ.

1799ರಲ್ಲಿ ಹ್ಯಾರಿಸ್ ಬಂದ. ಮಾರ್ಚ್ 27ಕ್ಕೆ ಮಳವಳ್ಳಿ ಹತ್ತಿರ ಕಾಳಗ. ಟಿಪ್ಪು ಮತ್ತೆ ಮೇವು ಸುಡಿಸಿದ್ದ, ಆದರೆ ಸೈನ್ಯ ನದಿಯ ಉತ್ತರ ದಡದಲ್ಲೇ ಬರುತ್ತೆ ಅಂತ ನಂಬಿದ್ದ. ಹ್ಯಾರಿಸ್ ಮಾರ್ಚ್ 30ಕ್ಕೆ ಸೋಸಲೆಯಲ್ಲಿ ಕಾವೇರಿ ದಾಟಿಬಿಟ್ಟ. ಈ ಕಡೆ ಮೇವು ಹಾಗೇ ಇತ್ತು. ಎತ್ತು ಉಳಿದವು, ಫಿರಂಗಿ ತಲುಪಿತು, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಇತಿಹಾಸದ ಪಾಠದಲ್ಲಿ ನಮಗೆ ದ್ರೋಹದ ಕಥೆ ಮಾತ್ರ ಹೇಳ್ತಾರೆ, ಹುಲ್ಲಿನ ಕಥೆ ಯಾರೂ ಹೇಳಲ್ಲ. ನನ್ನ ಮಟ್ಟಿಗೆ ಹುಲ್ಲಿನದೇ ದೊಡ್ಡದು.

ನಮಗೇನಾಯ್ತು ಅಂದ್ರೆ, ಕೊಳ್ಳೇಗಾಲ ಕಂಪನಿ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಯ್ತು. ಮಧ್ಯೆ ಗಡಿ. ಅದು ಅಳಿಸಿದ್ದು 1956ರ ನವೆಂಬರ್ 1ಕ್ಕೆ.

ಈಗ ಇದೇ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೈಲರ್, ಕಬ್ಬು ಹೊತ್ತು ಕುಂತೂರಿನ ಕಾರ್ಖಾನೆ ಕಡೆ ಹೋಗ್ತವೆ. ಜಾತ್ರೆ ಟೈಮಲ್ಲಿ ಅಂಥ ಟ್ರೈಲರಲ್ಲೇ ಜನ ತುಂಬ್ಕೊಂಡು ಮಾದಪ್ಪನ ಬೆಟ್ಟಕ್ಕೂ ಹೊರಡ್ತಾರೆ, ಅದು ಕಾನೂನಿಗೆ ವಿರುದ್ಧ. ಎಷ್ಟೋ ಟ್ರೈಲರ್‌ಗೆ ಬ್ರೇಕಿಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ಘಾಟಿ ಇಳಿಯುವಾಗ ಆ ಭಾರವೆಲ್ಲ ಮುಂದಿನವನ ಬೆನ್ನಿಗೇ ಬರೋದು. 1791ರ ಸಿಪಾಯಿಗಳು ಕಡೇಪಕ್ಷ ಹಿಂದಿನಿಂದ ಹಗ್ಗ ಹಿಡೀತಿದ್ರು.