ಪೀಪಾಯಿಯಿಂದ ಬಾಣಲೆಗೆ

ಜಮೈಕಾದ ಮನೆಗಳಲ್ಲಿ 'ಬುಲ್ಲಿ ಬೀಫ್' ಎಂಬ ಅಡಿಗೆಯಿದೆ. ಹಬ್ಬದ ಅಡಿಗೆಯಲ್ಲ. ಪುರುಸೊತ್ತಿಲ್ಲದ ದಿನ ಅಥವಾ ಸಂಬಳಕ್ಕೆ ಇನ್ನೂ ನಾಲ್ಕು ದಿನ ಇರುವಾಗ ಮಾಡುವಂಥದ್ದು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಬಾಡಿಸುತ್ತಾರೆ. ಥೈಮ್ ಸೊಪ್ಪಿನ ಒಂದೆರಡು ಕಡ್ಡಿ ಬೀಳುತ್ತವೆ. ಎಲೆಕೋಸು, ಕ್ಯಾರೆಟ್ ಹೆಚ್ಚಿ ಹಾಕುತ್ತಾರೆ. ಕೊನೆಗೆ ಡಬ್ಬಿ ತೆರೆದು, ಉಪ್ಪಿನಲ್ಲಿ ಪಳಗಿದ ದನದ ಮಾಂಸವನ್ನು ಸೌಟಿನಿಂದ ಪುಡಿಮಾಡಿ ಕಲಸಿದರೆ ಅನ್ನಕ್ಕೆ ಜೊತೆ ಸಿದ್ಧ. ಪರಊರಿನಲ್ಲಿ ಕೋಣೆ ಹಿಡಿದು ಬೇಯಿಸಿಕೊಳ್ಳುವ ನಮಗೆ ಇಂಥ ಅಡಿಗೆಯ ಸ್ವಭಾವವನ್ನು ಯಾರೂ ವಿವರಿಸಬೇಕಿಲ್ಲ.

ಆದರೆ ಇದರ ಹಿಂದೆ ಹೋದಂತೆ ನನ್ನನ್ನು ಒಂದು ಪ್ರಶ್ನೆ ಕಾಡಿತು. ದನಗಳಿಗೆ ಕೊರತೆಯೇ ಇಲ್ಲದಿದ್ದ ದ್ವೀಪಗಳಲ್ಲಿ ಬಡವರ ಪಾಲಿನ ಮಾಂಸ ಏಕೆ ಸಮುದ್ರ ದಾಟಿ, ಉಪ್ಪಿನಲ್ಲಿ ಮುಳುಗಿ ಬರಬೇಕಾಯಿತು?

ಕೆರಿಬಿಯನ್ನಿಗೆ ದನ ಬಂದದ್ದು 1493ರಲ್ಲಿ, ಕೊಲಂಬಸ್‌ನ ಎರಡನೆಯ ಯಾನದ ಹಡಗುಗಳಲ್ಲಿ. ಹಿಸ್ಪಾನಿಯೋಲಾ ದ್ವೀಪದ ಹುಲ್ಲುಗಾವಲಲ್ಲಿ ಅವು ಬೆಳೆದವು, ಬೇಲಿ ಮುರಿದು ಕಾಡು ಸೇರಿದವು. ಅಲ್ಲಿನ ಮೂಲನಿವಾಸಿಗಳಾದ ತೈನೊ ಜನ ರೋಗಕ್ಕೂ ದುಡಿತಕ್ಕೂ ಸಿಕ್ಕಿ ಕರಗಿಹೋಗುತ್ತಿದ್ದ ಕಾಲದಲ್ಲೇ ದನಗಳು ಹೆಚ್ಚುತ್ತಿದ್ದವು. ಮುಂದೆ ಈ ಕಾಡುದನಗಳನ್ನು ಬೇಟೆಯಾಡಿ, ಮಾಂಸವನ್ನು ಕಟ್ಟಿಗೆಯ ಅಟ್ಟಣೆಯ ಮೇಲೆ ಹೊಗೆಗೆ ಒಣಗಿಸುತ್ತಿದ್ದ ಫ್ರೆಂಚ್ ಅಲೆಮಾರಿಗಳಿಗೆ ಬುಕಾನಿಯೇ ಎಂಬ ಹೆಸರು ಬಂತು. ಕಡಲ್ಗಳ್ಳರಿಗೆ ಇಂಗ್ಲಿಷರು ಇಟ್ಟ ಬಕನಿಯರ್ ಎಂಬ ಹೆಸರಿನ ಮೂಲ ಈ ಅಟ್ಟಣೆಯೇ.

ಆಮೇಲೆ ಕಬ್ಬು ಬಂತು. ಕಬ್ಬಿನ ಲೆಕ್ಕದಲ್ಲಿ ಹುಲ್ಲುಗಾವಲು ಎಂದರೆ ನಷ್ಟ. ಉಳಿದ ದನಗಳು ಗಾಣ ತಿರುಗಿಸಲು, ಗಾಡಿ ಎಳೆಯಲು ಬೇಕಾದವು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಹೊಟ್ಟೆಗೆ ಆಹಾರವನ್ನು ಹೊರಗಿನಿಂದ ತರಿಸುವುದೇ ಅಗ್ಗ ಎಂದು ತೋಟದ ಯಜಮಾನರು ತೀರ್ಮಾನಿಸಿದರು. ಉತ್ತರ ಅಮೆರಿಕದಿಂದ ಉಪ್ಪುಮೀನು ಬರುತ್ತಿತ್ತು. ಐರ್ಲೆಂಡಿನ ಕಾರ್ಕ್ ಬಂದರಿನಿಂದ ಪೀಪಾಯಿಗಳಲ್ಲಿ ಉಪ್ಪುಮಾಂಸ ಬರುತ್ತಿತ್ತು. ಅದರಲ್ಲೂ ದರ್ಜೆಗಳಿದ್ದವು. ಒಳ್ಳೆಯದು ನಾವಿಕರಿಗೆ, ಯಜಮಾನರಿಗೆ; ಕಳಪೆಯದು ಗುಲಾಮರಿಗೆ. ಆ ದನ ಸಾಕಿದ ಐರಿಷ್ ಬಡವರು ತಿನ್ನುತ್ತಿದ್ದದ್ದು ಆಲೂಗಡ್ಡೆ, ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 'ಕಾರ್ನ್ಡ್ ಬೀಫ್' ಎಂಬ ಹೆಸರಿನಲ್ಲಿರುವ 'ಕಾರ್ನ್' ಮೆಕ್ಕೆಜೋಳವಲ್ಲ, ಕಾಳಿನ ಗಾತ್ರದ ಉಪ್ಪಿನ ಹರಳು.

ಫ್ರೆಂಚ್ ದೊರೆ 14ನೆಯ ಲೂಯಿಯ ಹೆಸರಿನಲ್ಲಿ 1685ರಲ್ಲಿ ಹೊರಟ ಗುಲಾಮರ ಕಾಯಿದೆ, 'ಕೋಡ್ ನುವಾರ್', ಪಡಿಯನ್ನು ತೂಕ ಹಾಕಿ ಬರೆಯುತ್ತದೆ. ವಾರಕ್ಕೆ ಇಷ್ಟು ಮರಗೆಣಸಿನ ಹಿಟ್ಟು, ಜೊತೆಗೆ 2 ಪೌಂಡ್ ಉಪ್ಪು ಹಾಕಿದ ದನದ ಮಾಂಸ ಅಥವಾ 3 ಪೌಂಡ್ ಮೀನು. ಓದಲು ಉದಾರವೆನಿಸುತ್ತದೆ. ಕಾಗದದ ಮೇಲಿನ ಪಡಿ ತಟ್ಟೆಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದು ಬಲ್ಲವರಿಗೆ ಗೊತ್ತು.

ಇಂಗ್ಲಿಷರ ಜಮೈಕಾದಲ್ಲಿ ಇನ್ನೊಂದು ಏರ್ಪಾಡಿತ್ತು. ಕಬ್ಬಿಗೆ ಒಗ್ಗದ ಗುಡ್ಡದ ಇಳಿಜಾರನ್ನು ಗುಲಾಮರಿಗೆ ತೋರಿಸಿ, ನಿಮ್ಮ ಊಟ ನೀವೇ ಬೆಳೆದುಕೊಳ್ಳಿ ಎಂದರು. ವಾರವಿಡೀ ಕಬ್ಬು ಕಡಿದ ಜನ ಭಾನುವಾರ ಮೈಲುಗಟ್ಟಲೆ ನಡೆದು ಅಲ್ಲಿ ಗೆಡ್ಡೆ, ಬಾಳೆ, ಸೊಪ್ಪು, ಮೆಣಸಿನಕಾಯಿ ಬೆಳೆದರು. ಯಜಮಾನನಿಗೆ ಅದು ಖರ್ಚು ಉಳಿಸುವ ಉಪಾಯ. ಅವರಿಗೆ ಅದು ಬೇರೆಯೇ ಆಯಿತು. ಉಳಿದದ್ದನ್ನು ಭಾನುವಾರದ ಸಂತೆಗೆ ಒಯ್ದರು, ನಾಲ್ಕು ಕಾಸು ಕಂಡರು. ಕೆಲವರು ಆ ಕಾಸು ಕೂಡಿಸಿ ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡರು. ಹಾಗೆಂದು ಇದನ್ನು ರಮ್ಯವಾಗಿ ನೋಡುವಂತಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಹಡಗುಗಳು ನಿಂತು, 1780ರಿಂದ ಸಾಲುಸಾಲು ಚಂಡಮಾರುತಗಳು ಗುಡ್ಡದ ಬೆಳೆಯನ್ನೂ ನೆಲಸಮ ಮಾಡಿದಾಗ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತ ಗುಲಾಮರು 15 ಸಾವಿರ. ಇದು ದ್ವೀಪದ ಶಾಸನಸಭೆಯೇ ಕೊಟ್ಟ ಲೆಕ್ಕ.

ಅದಕ್ಕೇ ಈ ಬಾಣಲೆಯಲ್ಲಿ ನನಗೆ ಎರಡು ಕೈಗಳು ಕಾಣುತ್ತವೆ. ಉಪ್ಪುಮಾಂಸ ಯಜಮಾನನ ಲೆಕ್ಕಪುಸ್ತಕದ್ದು. ಅದನ್ನು ಬಾಯಿಗಿಡುವಂತೆ ಮಾಡಿದ ಕಾರ, ಸೊಪ್ಪು, ತರಕಾರಿ ಗುಡ್ಡದ ಮೇಲೆ ಕದ್ದ ಹೊತ್ತಿನಲ್ಲಿ ಬೆಳೆದದ್ದು.

ಮಸಾಲೆಯ ಕತೆಯಲ್ಲಿ ನಮ್ಮ ಭಾಷೆಗೂ ಒಂದು ಎಳೆ ಇದೆ. ಕಾಳುಮೆಣಸು ಹುಡುಕಿ ಹೊರಟ ಸ್ಪೇನಿನವರು ಈ ದ್ವೀಪಗಳಲ್ಲಿ ಬೇರೊಂದು ಮರದ ಕಾಳು ಕಂಡು ಅದಕ್ಕೆ ಕಾಳುಮೆಣಸಿನ ಹೆಸರನ್ನೇ ಇಟ್ಟರು, ಪಿಮಿಯೆಂತಾ. ಜಮೈಕಾದವರಿಗೆ ಅದು ಇಂದಿಗೂ ಪಿಮೆಂಟೊ. ಲವಂಗ, ಚಕ್ಕೆ, ಜಾಯಿಕಾಯಿ ಎಲ್ಲದರ ವಾಸನೆ ಒಂದರಲ್ಲೇ ಇದೆಯೆಂದು ಇಂಗ್ಲಿಷರು ಆಲ್‌ಸ್ಪೈಸ್ ಎಂದರು. ಅದೇ ಅಮೆರಿಕ ಖಂಡದ ಕಾರದ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಾಗ ನಾವು ಮಾಡಿದ್ದೇನು? ಮೆಣಸು ಎಂಬ ಹಳೆಯ ಹೆಸರಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದೆವು. ಮೆಣಸು ಸಿಗದವರೂ ಮೆಣಸು ಇದ್ದವರೂ ಹೊಸತನ್ನು ಕರೆದದ್ದು ಒಂದೇ ರೀತಿ!

ಗುಲಾಮಗಿರಿ 1838ರ ಹೊತ್ತಿಗೆ ಪೂರ್ತಿ ಮುಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಲ್ಕತ್ತೆಯಿಂದ ಹೊರಟ ಮೊದಲ ಕರಾರು ಕೂಲಿಗಳು ಗಯಾನಾದಲ್ಲಿ ಇಳಿದಾಗಿತ್ತು. 1845ರಲ್ಲಿ ಜಮೈಕಾಕ್ಕೂ ಟ್ರಿನಿಡಾಡಿಗೂ ಹಡಗು ಬಂದವು. 1917ರಲ್ಲಿ ಈ ಸಾಗಾಟ ನಿಲ್ಲುವವರೆಗೆ ಕೆರಿಬಿಯನ್ನಿಗೆ ಹೋದವರು 5 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದ್ರಾಸಿನಿಂದ ಹೊರಟವರೂ ಇದ್ದರು. ಕ್ರಿಕೆಟ್ ನೋಡುವವರಿಗೆ ಕನ್ಹಾಯಿ, ಚಂದ್ರಪಾಲ್ ಹೆಸರುಗಳು ಸಾಕು. ಟ್ರಿನಿಡಾಡಿನ ಅಡಿಗೆಮನೆಯಲ್ಲಿ ಇಂದಿಗೂ ಜೀರಿಗೆ 'ಗೀರಾ', ಒಗ್ಗರಣೆ ಕೊಡುವುದು 'ಚುಂಕೇ'. ಭಾಷೆ ಮರೆತ ಮೊಮ್ಮಕ್ಕಳ ಬಾಯಲ್ಲಿ ಒಗ್ಗರಣೆಯ ಪದ ಮಾತ್ರ ಉಳಿದಿದೆ. ಹಿಂದೂ ಮನೆಗಳಲ್ಲಿ ಹೆಚ್ಚಿನವರು ದನದ ಮಾಂಸ ಮುಟ್ಟಲಿಲ್ಲ. ಆದರೆ ಅವರು ತಂದ ಅರಿಸಿನ, ಕೊತ್ತಂಬರಿಯ ಪುಡಿ ನೆರೆಮನೆಯ ಬಾಣಲೆಗೆ ಹೋಯಿತು. ಜಮೈಕಾದ ಕರಿಪುಡಿಯಲ್ಲಿ ಪಿಮೆಂಟೊ ಸೇರಿತು.

ಪೀಪಾಯಿಯ ಜಾಗಕ್ಕೆ ಡಬ್ಬಿ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ. ಉರುಗ್ವೆಯ ಫ್ರೇ ಬೆಂತೊಸ್ ಊರಿನ ಕಾರ್ಖಾನೆ 1873ರಿಂದ ಉಪ್ಪುಮಾಂಸವನ್ನು ತಗಡಿನ ಡಬ್ಬಿಗೆ ತುಂಬತೊಡಗಿತು. ಬ್ರಿಟಿಷ್ ಸಿಪಾಯಿಗಳು ಅದನ್ನು ಬೋಯರ್ ಯುದ್ಧದಲ್ಲೂ ಮೊದಲ ಮಹಾಯುದ್ಧದ ಕಂದಕಗಳಲ್ಲೂ ತಿಂದು ಶಪಿಸಿದರು. ಬೇಯಿಸಿದ್ದು ಎಂಬ ಅರ್ಥದ ಫ್ರೆಂಚ್ ಪದ 'ಬುಯಿ' ಅವರ ಬಾಯಲ್ಲಿ ಬುಲ್ಲಿ ಆಯಿತು ಎನ್ನುತ್ತಾರೆ. ಜಮೈಕಾದಲ್ಲಿ ಆ ಡಬ್ಬಿಯನ್ನು ಯಾರೂ ಶಪಿಸುವುದಿಲ್ಲ. ಚಂಡಮಾರುತದ ಸುದ್ದಿ ಬಂದಾಗ ಅಂಗಡಿಯಿಂದ ಮೊದಲು ಖಾಲಿಯಾಗುವ ಸಾಮಾನುಗಳಲ್ಲಿ ಅದೂ ಒಂದು. ಲಂಡನ್ನಿನ ಬ್ರಿಕ್ಸ್‌ಟನ್ನಿಗೆ ವಲಸೆ ಹೋದ ಜಮೈಕಾದವರು ಊರಿನ ನೆನಪಾದಾಗ ಹುಡುಕುವುದೂ ಅದನ್ನೇ. ಯಜಮಾನನ ಪಡಿ ಯಾವಾಗ ತವರಿನ ರುಚಿಯಾಯಿತು ಎಂದು ತೋರಿಸುವ ದಾಖಲೆ ಇಲ್ಲ. ಹಾಸ್ಟೆಲಿನ ಸಾರನ್ನು ಬೈದು ಆಮೇಲೆ ನೆನೆಯುವ ನಮ್ಮ ಪಾಡನ್ನು ಇದರ ಪಕ್ಕದಲ್ಲಿ ಇಡಲು ನನಗೆ ಧೈರ್ಯವಿಲ್ಲ. ನಾವು ಟಿಕೆಟ್ ಕೊಂಡು ಬಂದವರು.

ಅಡಿಗೆಯ ಒಂದು ಹಂತ ಹೇಳುವುದು ಉಳಿಯಿತು. ಟೊಪ್ಪಿಗೆಯಾಕಾರದ ಸ್ಕಾಚ್ ಬಾನೆಟ್ ಮೆಣಸಿನಕಾಯಿಯನ್ನು ಕತ್ತರಿಸದೆ, ಇಡಿಯಾಗಿ ಎಲೆಕೋಸಿನ ಮೇಲೆ ಇಟ್ಟು ಮುಚ್ಚಳ ಮುಚ್ಚುತ್ತಾರೆ. ಆವಿಯಲ್ಲಿ ಅದರ ಘಮ ಮಾತ್ರ ಇಳಿಯಬೇಕು. ಸೌಟು ತಗುಲಿ ಒಡೆದರೆ ಮನೆಮಂದಿಯೆಲ್ಲ ನೀರು ಕುಡಿಯಬೇಕಾಗುತ್ತದೆ. ಬಡಿಸುವ ಮುಂಚೆ ತೊಟ್ಟು ಹಿಡಿದು ಎತ್ತಿ ಪಕ್ಕಕ್ಕಿಡುತ್ತಾರೆ.